ಎರೆಹೊಲದ ಕೆಳಗೆ ಹಾದ ಫೈಬರ್

ಗುಡಗೇರಿಯ ಮಹಾನಂದಾ ಮದುವೆಯಾದ ಹೊಸತರಲ್ಲಿ ಗಂಡ ಸಿದ್ದರಾಮನ ಜೊತೆ ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದಳು. ಆ ಧಂದೆ ಇಳಿದಾಗ ಹುಬ್ಬಳ್ಳಿಗೆ ಹೋಗಿ ಫೈಬರ್ ಬೆಸೆಯುವುದನ್ನು ಕಲಿತು ಬಂದಳು. ಬೆಳಕಿನ ಮೂಲಕ ಮಾಹಿತಿ ಒಯ್ಯುವ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ತುದಿಗೆ ತುದಿ ಕೂಡಿಸುವ ಕೆಲಸ ಅದು.

ಬೇಳೆ ಮಿಲ್ಲಿನ ಮಡಿವಾಳೆಪ್ಪನವರ ಕೆಲಸವನ್ನು ಅವಳೇ ಕೇಳಿ ಪಡೆದಳು. ಮಿಲ್ಲು ರಸ್ತೆಯ ಬದಿಗೆ, ಗೋದಾಮು ಹೊಲಗಳಾಚೆ. ಅಷ್ಟು ದೂರಕ್ಕೆ ತಾಮ್ರದ ತಂತಿ ನಡೆಯದು. ಹಾಗಾಗಿ ಎರಡೂ ಕಡೆ ಕಂಪ್ಯೂಟರುಗಳನ್ನು ಜೋಡಿಸುವ ಒಂದೊಂದು ನೆಟ್‌ವರ್ಕ್ ಸ್ವಿಚ್ ಕೂರಿಸಿ, ನಡುವೆ ನೆಲದಡಿ ಫೈಬರ್ ಹಾಯಿಸಿದಳು. ಗೋದಾಮಿನಲ್ಲಿ ಚೀಲ ತೂಗಿದರೆ ಮಿಲ್ಲಿನ ಕಂಪ್ಯೂಟರಿನಲ್ಲಿ ತೂಕ ಮೂಡುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಅದು ನಿಂತುಹೋಯಿತು. ಅವಳ ಯಂತ್ರ ಬೆಳಕು ಕಡಿದ ಜಾಗ ತೋರಿಸಿತು: ಮಲ್ಲಕ್ಕನ ಕಡಲೆ ಹೊಲ.

“ಕಡಲಿ ಕೀಳೂ ಹೊತ್ತಿನ್ಯಾಗ ಅಗೀತೀನಿ ಅಂತೀಯಲ್ಲ! ನಡಿ ಅತ್ತಾಗ,” ಎಂದಳು ಮಲ್ಲಕ್ಕ.

ಅಷ್ಟರಲ್ಲಿ ಮಡಿವಾಳೆಪ್ಪನವರ ಫೋನು. ತೂಕ ಸಿಗದೆ ಲಾರಿಗಳು ನಿಂತಿದ್ದವು.

“ಇವತ್ತ ಆಗ್ತೈತ್ರಿ ಸಾವ್ಕಾರ್ರ. ಆದ್ರ ಬೆಳಿ ತುಳದು ಮಾಡೂದಿಲ್ಲ,” ಎಂದು ಮಹಾನಂದಾ ಫೋನಿಟ್ಟಳು. ಮಲ್ಲಕ್ಕನ ಕಡೆ ತಿರುಗಿದಳು. “ಯಕ್ಕಾ, ಅಗಿಯೂ ಜಾಗಾದಾಗಿನ ಕಡಲಿ ಮೊದಲ ನಾನ ಕಿತ್ತ ಕೊಡ್ತೀನ್ರಿ.”

ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ಕಡಲೆಯ ಹುಳಿಗೆ ಅಂಗೈ ಚುರುಗುಟ್ಟಿತು. ಮಲ್ಲಕ್ಕ ತಾನೂ ಬಗ್ಗಿ ಕೀಳತೊಡಗಿದಳು.

ಜಾಗ ಖಾಲಿಯಾದ ಮೇಲೆ ಅಗೆದರು. ಒಣಗಿ ಬಿರಿದ ಕಪ್ಪು ಎರೆಮಣ್ಣು ಕೇಬಲ್ಲನ್ನು ಎರಡೂ ಕಡೆಗೆ ಜಗ್ಗಿದ್ದರಿಂದ ಒಳಗಿನ ಗಾಜು ತುಂಡಾಗಿತ್ತು. ಮಿಲ್ಲಿನಲ್ಲಿದ್ದ ಸಿದ್ದರಾಮ ಅತ್ತಲಿಂದ ಕೆಂಪು ಬೆಳಕು ಬಿಟ್ಟ. ಸೆರಗಿನ ನೆರಳಲ್ಲಿ ತುಂಡಾದ ತುದಿ ಮಿನುಗಿತು.

“ಹೊಡೀತೈತೇನ ತಂಗಿ?” ಮಲ್ಲಕ್ಕ ಹಿಂದೆ ಸರಿದಳು.

“ಕರೆಂಟ್ ಅಲ್ರಿ ಯಕ್ಕಾ. ಬರೇ ಬೆಳಕು.”

ಮಹಾನಂದಾ ಕೈ ತೊಳೆದು ಎಳೆಗಳನ್ನು ಬೆಸೆದಳು. ಈ ಸಲ ಕೇಬಲ್ಲನ್ನು ಬಿಗಿಯಾಗಿ ಹೂಳಲಿಲ್ಲ. ಬದುವಿನ ಬಳಿ ಸಿಮೆಂಟಿನ ಗುಂಡಿ ಮಾಡಿ, ಮಣ್ಣು ಜಗ್ಗಿದರೆ ಬಿಚ್ಚಿಕೊಳ್ಳಲೆಂದು ನಾಲ್ಕು ಸುತ್ತು ಹೆಚ್ಚುವರಿ ಬಿಟ್ಟಳು. ಸಂಜೆಯೊಳಗೆ ಲಾರಿಗಳು ಹೊರಟವು.

ಮರುವರ್ಷ ನೆಲ ಇನ್ನೂ ಅಗಲ ಬಿರಿಯಿತು. ಸಂಪರ್ಕ ಕಡಿಯಲಿಲ್ಲ. ಈಗ ಅಣ್ಣಿಗೇರಿ, ನವಲಗುಂದದಿಂದಲೂ ಮಹಾನಂದಾಗೆ ಕರೆ ಬರುತ್ತದೆ. ಯಾರೇ ಕರೆದರೂ ಅವಳ ಮೊದಲ ಮಾತು ಒಂದೇ: “ನಿಮ್ಮ ಮಣ್ಣ ನೋಡ್ತೀನ್ರಿ, ಆಮ್ಯಾಲ ಮಾತಾಡೂಣು.”