ಅಂಜಿನವ್ವನ ದನಿ

ಗುತ್ತೂರಿನ ಮಹೇಂದ್ರನಿಗೆ ಪಾಠಕ್ಕಿಂತ ಜನರ ದನಿಯೇ ಬೇಗ ತಲೆಗೆ ಹತ್ತುತ್ತಿತ್ತು. ಬಿ.ಕಾಂ. ಓದಲೆಂದು ದಾವಣಗೆರೆಗೆ ಬಂದು ಹಾಸ್ಟೆಲ್ ಸೇರಿದವನು ಮೊದಲ ವರ್ಷ ಮುಗಿಯುವಷ್ಟರಲ್ಲಿ ಅರ್ಧ ಪೇಟೆಯನ್ನು ಗಂಟಲಲ್ಲಿ ಇಟ್ಟುಕೊಂಡಿದ್ದ. ಕ್ಲಾಸು ಬಿಟ್ಟ ಮೇಲೆ ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕದಿದ್ದರೆ ಅವನಿಗೆ ಸಮಾಧಾನವಿಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಜಗಳಾಡುವ ದಲ್ಲಾಳಿ, ಹಮಾಲರನ್ನು ಗದರುವ ಸಾಹುಕಾರ, 'ಹರಿಹರ, ಹರಿಹರ' ಎಂದು ಮೂಗಿನಲ್ಲಿ ಕೂಗುವ ಕಂಡಕ್ಟರ್. ಸಂಜೆ ಗೆಳೆಯರು ಮಂಡಕ್ಕಿ ಮಿರ್ಚಿ ಗಾಡಿಯ ಸುತ್ತ ನಿಂತಾಗ ಇವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಿಡುತ್ತಿದ್ದ. ಹುಡುಗರು ಮಂಡಕ್ಕಿ ನೆತ್ತಿಗೇರುವಷ್ಟು ನಗುತ್ತಿದ್ದರು. ಆ ನಗು ಕೇಳಿದರೆ ಅವನಿಗೆ ಇನ್ನೊಬ್ಬರನ್ನು ಮಾಡಬೇಕೆನಿಸುತ್ತಿತ್ತು.

ಹಾಸ್ಟೆಲಿನಲ್ಲಿ ಅಡುಗೆಗೆ ಇದ್ದವಳು ಹದಡಿಯ ಅಂಜಿನವ್ವ. ವಯಸ್ಸಾದ ಹೆಂಗಸು, ಕಿವಿ ಮಂದ. ತನಗೆ ಕೇಳಿಸದ ಕಾರಣ ಎದುರಿನವರಿಗೂ ಕೇಳಿಸುವುದಿಲ್ಲ ಎಂಬಂತೆ ಮಾತಾಡುತ್ತಿದ್ದಳು. ಬೆಳಿಗ್ಗೆ ಅವಳ "ಏಳ್ರೋ, ಉಪ್ಪಿಟ್ಟು ಆರ್ತೈತೆ!" ಎಂಬ ಕೂಗಿಗೆ ಪಕ್ಕದ ಬೀದಿಯೂ ಏಳುತ್ತಿತ್ತು. ಸಾರು ಕೇಳಿದರೆ ಅನ್ನ ಬಡಿಸುವಳು, ಅನ್ನ ಬ್ಯಾಡ ಅಂದರೆ, "ನಿಮ್ಮವ್ವ ಆರಾಮಿದಾಳೇನಪ್ಪ?" ಅನ್ನುವಳು. ಮಹೇಂದ್ರನೆಂದರೆ ಅವಳಿಗೆ ಒಂದು ಕೈ ಹೆಚ್ಚು ಪ್ರೀತಿ. ಮಾತಾಡುವಾಗ ಅವನ ಮುಖ, ಕೈ ಎಲ್ಲ ಆಡುತ್ತಿದ್ದುದರಿಂದ ಅವನು ಹೇಳಿದ್ದಷ್ಟೇ ಅವಳಿಗೆ ಪೂರ್ತಿ ತಿಳಿಯುತ್ತಿತ್ತು.

ಎರಡನೇ ವರ್ಷದ ಕಾಲೇಜು ವಾರ್ಷಿಕೋತ್ಸವಕ್ಕೆ ಮಹೇಂದ್ರನದೂ ಒಂದು ಐಟಂ ಇತ್ತು. ಹಿಂದಿನ ದಿನ ಅಡುಗೆಮನೆಗೆ ಬಂದು, "ಅವ್ವಾ, ಒಂದು ಹಳೇ ಸೀರೆ ಕೊಡ್ರಿ, ನಾಟಕಕ್ಕೆ ಬೇಕು" ಎಂದು ಕೈಸನ್ನೆ ಮಾಡಿ ಕೇಳಿದ.

"ಹಳೇದು ಬ್ಯಾಡಪ್ಪ, ಸ್ಟೇಜ್ ಮ್ಯಾಲೆ ಎಲ್ಲರೂ ನೋಡ್ತಾರೆ" ಎಂದು ಅವಳು ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದುಕೊಟ್ಟಳು. ಯಾವ ನಾಟಕ ಅಂತ ಕೇಳಲಿಲ್ಲ.

ಸೀರೆಯುಟ್ಟು, ಕೈಯಲ್ಲಿ ಸೌಟು ಹಿಡಿದು ಅವನು ವೇದಿಕೆಗೆ ಬಂದ. ಕಿವಿಗೆ ಕೈ ಹಚ್ಚಿ "ಆಂ?" ಅಂದಿದ್ದೇ ತಡ, ಹಾಸ್ಟೆಲ್ ಹುಡುಗರು ಎದ್ದು ನಿಂತು ಸಿಳ್ಳೆ ಹೊಡೆದರು. ಕಾಲೆಳೆದುಕೊಂಡು ನಡೆಯುವ ಅವಳ ನಡಿಗೆ, ಒಂದು ಕೇಳಿದರೆ ಇನ್ನೊಂದು ಹೇಳುವ ಅವಳ ಉತ್ತರ, ಒಡೆದ ಕೊಳವೆಯಂಥ ಅವಳ ದನಿ, ಒಂದನ್ನೂ ಬಿಡಲಿಲ್ಲ. ಮೊದಲ ಬಹುಮಾನ ಬಂತು. ಸೀರೆಯನ್ನು ಮಡಚಿ ವಾಪಸು ಕೊಡುವಾಗ, "ಹೆಂಗಾತಪ್ಪ ನಾಟಕ?" ಎಂದಳು. "ಭಾರೀ ಆತವ್ವಾ" ಎಂದ.

ವಾರದೊಳಗೆ ಆ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಒಂದು ಮಧ್ಯಾಹ್ನ ಮಹೇಂದ್ರ ಊಟಕ್ಕೆಂದು ಬಂದಾಗ, ಅವನ ರೂಮಿನ ಅರುಣ್ ಕುಮಾರ್ ಅಂಜಿನವ್ವನಿಗೆ ಫೋನು ತೋರಿಸುತ್ತಾ ನಿಂತಿದ್ದ. ಅವನದು ಕೆಟ್ಟ ಮನಸ್ಸಲ್ಲ; ಮುದುಕಿ ಖುಷಿಪಡುತ್ತಾಳೆ ಎಂದುಕೊಂಡಿದ್ದ.

"ಅಯ್, ನನ್ನ ಸೀರೆ!" ಎಂದು ಅಂಜಿನವ್ವ ಹಾಲ್ ತುಂಬ ಕೇಳುವಂತೆ ನಕ್ಕಳು. ಅರುಣ ದನಿ ಜಾಸ್ತಿ ಮಾಡಿ ಫೋನನ್ನು ಅವಳ ಕಿವಿಗೇ ಹಿಡಿದ. ಕೇಳಿದಳು. ಮತ್ತೆ ಮುಂದೆ ಹಿಡಿದುಕೊಂಡು ನೋಡಿದಳು. ಕಿವಿಗೆ ಕೈ ಹಚ್ಚುವ ಜಾಗ ಬಂದಾಗ ಅವಳ ನಗು ಅಲ್ಲೇ ನಿಂತಿತು. ಫೋನನ್ನು ಅರುಣನ ಕೈಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಹೇಂದ್ರನನ್ನು ಅವಳು ನೋಡಿದಳೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ. ಊಟ ಮಾಡದೆ ಹೊರಟುಹೋದ.

ಮರುದಿನದಿಂದ ಹಾಸ್ಟೆಲಿನಲ್ಲಿ ಅವಳ ದನಿ ಇಲ್ಲ. ತಿಂಡಿಗೆ ಏಳಿಸಲು ಗಂಟೆ ಬಾರಿಸತೊಡಗಿದಳು. ಬಡಿಸುವಾಗ ಸೌಟೆತ್ತಿ ಹುಬ್ಬು ಹಾರಿಸುವಳು. ಸಾಕೆಂದರೆ ಮುಂದೆ ಸಾಗುವಳು. ಹುಡುಗರಿಗೆ ಮೊದಮೊದಲು ಇದೂ ತಮಾಷೆಯಾಗಿತ್ತು. ಮಹೇಂದ್ರನಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ.

ಆ ಭಾನುವಾರ ಊರಿಗೆ ಹೋದ. ಅವನ ತಾಯಿ ತಿಮ್ಮವ್ವನಿಗೂ ಯಾರೋ ವಿಡಿಯೊ ಕಳಿಸಿದ್ದರು. ನೋಡಿ ನೋಡಿ ನಕ್ಕಿದ್ದಳು. "ನೀ ಮಾಡಿರೋ ಈ ಹೆಂಗಸು ಯಾರೋ?"

"ನಮ್ಮ ಹಾಸ್ಟೆಲಿನಾಕಿ. ಅಡಿಗಿ ಮಾಡ್ತಾಳೆ."

ತಿಮ್ಮವ್ವ ನಗುವುದನ್ನು ಬಿಟ್ಟಳು. "ನಿನಗೆ ಉಣ್ಣಾಕ ಇಡೋದು ಇವಳೇ ಏನು?" ಮಗ ತಲೆಯಾಡಿಸಿದ. ಅವಳು ರೊಟ್ಟಿ ತಟ್ಟಲು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ವಾಪಸು ಹೊರಟವನು ಹರಿಹರದಲ್ಲಿ ತಕ್ಷಣ ದಾವಣಗೆರೆ ಬಸ್ಸು ಹತ್ತದೆ ಹೊಳೆಯ ದಂಡೆಗೆ ಹೋಗಿ ಕೂತು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

ಸೋಮವಾರ ಊಟದ ಹೊತ್ತಿಗೆ ಅವಳು ಎದುರು ಬಂದಾಗ, "ಅವ್ವಾ, ತಪ್ಪಾತು" ಎಂದ ಮೆಲ್ಲಗೆ. ಅವಳು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಈಗ ಅವನ ಮುಖ ನೋಡುವುದನ್ನೂ ಬಿಟ್ಟಿದ್ದಳು. ಅವನು ಇನ್ನೊಂದು ಸಲ ಹೇಳಿದ. ಅವನು ಏನೋ ಕೇಳಿದನೆಂದುಕೊಂಡು ಅವಳು ಸಾರು ಹಾಕಿದಳು. ಗಟ್ಟಿಯಾಗಿ ಹೇಳಬೇಕಿತ್ತು. ಸುತ್ತ ಹಾಲ್ ತುಂಬ ಹುಡುಗರಿದ್ದರು. ಮಹೇಂದ್ರ ತಟ್ಟೆಯ ಮೇಲೆ ಬಾಗಿ ಸಾರು ಕಲಸಿದ. ಆ ಸಾರಿನ ರುಚಿ ಅವನಿಗೆ ಆಮೇಲೂ ನೆನಪಿತ್ತು, ತಾನೆಂಥ ಹೇಡಿ ಎಂಬುದರ ಜೊತೆಗೆ.

ಮರುದಿನ ಎದ್ದು ನಿಂತೇ ಬಿಟ್ಟ. "ಅವ್ವಾ! ನಾನು ಮಾಡಿದ್ದು ತಪ್ಪಾತು! ನಿಮ್ಮ ಸೀರೆ ಉಟ್ಟು ನಿಮ್ಮನ್ನೇ ಆಡಿಕೊಂಡೆ!" ಕೂಗುವಾಗ ಅವನ ದನಿ ಒಡೆಯಿತು.

ಅಂಜಿನವ್ವ ಗಾಬರಿಯಾಗಿ ಸುತ್ತ ನೋಡಿದಳು. ಅವನ ತೋಳು ಹಿಡಿದು ಪಿಸುಗುಟ್ಟಿದಳು: "ಕೂಗಬ್ಯಾಡಪ್ಪ. ಹುಡುಗರು ನಗ್ತಾರೆ."

ಯಾರೂ ನಗಲಿಲ್ಲ. ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಒಲೆಯ ಪಕ್ಕ ನಿಲ್ಲಿಸಿಕೊಂಡು ಅಂದಳು: "ನೀ ಮಾಡಿದ್ದು ಸುಳ್ಳಲ್ಲ ಬಿಡು. ನಾನು ಅಷ್ಟು ಜೋರಾಗಿ ಮಾತಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡು. ಮಗಳ ಗಂಡನ ಮನಿಯಾಗೂ ಹಂಗೇ ಮಾತಾಡಿ ಬಂದೀನಿ. ಅವರೆಲ್ಲ ಏನಂದುಕೊಂಡರೋ."

"ನೀವು ಮೊದಲಿನಂಗೆ ಮಾತಾಡ್ರಿ, ಅವ್ವಾ."

"ಈಗ ಬರಲ್ಲಪ್ಪ. ಬಾಯಿ ತೆಗೆದರೆ ಆ ಫೋನಿಂದೇ ನೆನಪಾಗ್ತೈತೆ." ಸಿಟ್ಟಿರಲಿಲ್ಲ ಅವಳಿಗೆ. ಅವನಿಗಿಂತ ಹೆಚ್ಚು ಅವಳೇ ನಾಚಿಕೊಂಡಿದ್ದಳು. ಮಹೇಂದ್ರನಿಗೆ ತಡೆಯಲಾಗದೆ ಹೋದದ್ದು ಅದು.

ವಿಡಿಯೊ ಅಳಿಸಿರೆಂದು ಅವನು ಎಲ್ಲರ ಹತ್ತಿರ ಬೇಡಿಕೊಂಡ. ಕೆಲವರು ಅಳಿಸಿದರು. ಮಂಡಕ್ಕಿ ಗಾಡಿಯ ಹತ್ತಿರ ಗೆಳೆಯರು ಒತ್ತಾಯಿಸಿದಾಗ ಒಂದು ಸಲ ಕಂಡಕ್ಟರನನ್ನು ಮಾಡಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ. ಆ ಕಂಡಕ್ಟರನಿಗೂ ಮನೆಯಲ್ಲಿ ಯಾರೋ ಇರುತ್ತಾರಲ್ಲ ಎನಿಸಿತ್ತು.

ಮುಂದಿನ ವರ್ಷ ಲೋಕಿಕೆರೆಯ ಹುಡುಗನೊಬ್ಬ ಹೊಸದಾಗಿ ಹಾಸ್ಟೆಲಿಗೆ ಸೇರಿದ. ಊಟದ ಸಾಲಿನಲ್ಲಿ ಮಹೇಂದ್ರನ ಹಿಂದೆ ನಿಂತು ಮೆಲ್ಲಗೆ ಕೇಳಿದ: "ಅಣ್ಣಾ, ಪಾಪ, ಈ ಅವ್ವಗೆ ಮಾತು ಬರಲ್ವಾ?"

"ಬರ್ತೈತೆ" ಎಂದ ಮಹೇಂದ್ರ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಸಾಲು ಬಿಟ್ಟು ಆ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ತಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದ.