ಮನೆ ಅಳಿಯನಿಗೆ ನಾನು ಕೊಟ್ಟ ಬಿರುದು

ದೊಡ್ಡಪ್ಪ, ಹೊಸ ಬಿಲ್ಡಿಂಗಿನ ಕಲ್ಲಿನಲ್ಲಿ ನಿಮ್ಮ ಹೆಸರು ಇಲ್ಲದಿರುವುದಕ್ಕೆ ಕಾರಣ ನಾನು. ತಾತ ಅಲ್ಲ, ಟೀವಿಯೂ ಅಲ್ಲ — ನಾನು.

ಆಗ ನಾನು ಹತ್ತನೇ ಕ್ಲಾಸು, ಈಗ ಸೆಕೆಂಡ್ ಪಿಯುಸಿ. ಯುಗಾದಿಗೆ ಅಮ್ಮನ ಜೊತೆ ಶೆಟ್ಟಿಹಳ್ಳಿಯಿಂದ ಗಂಗಾನಗರದ ತಾತನ ಮನೆಗೆ ಬಂದಿದ್ದೆ. ತಾತನಿಗೆ ಗಂಡುಮಕ್ಕಳಿಲ್ಲ, ದೊಡ್ಡಮ್ಮನನ್ನು ಮದುವೆಯಾಗಿ ನೀವು ಮನೆ ಅಳಿಯನಾಗಿ ಬಂದವರು. ತಾತನ ಬಾಡಿಗೆ ಮನೆಗಳ ಮೋಟರ್ ಕೆಟ್ಟರೆ ನೀವು, ನೀರಿನ ಟ್ಯಾಂಕರ್‌ನವನ ಜೊತೆ ಜಗಳಕ್ಕೆ ನೀವು. ಬಾಡಿಗೆದಾರರು ನಮಸ್ಕಾರ ಹಾಕುತ್ತಿದ್ದುದು ಮಾತ್ರ ತಾತನ ಮೀಸೆಗೆ — ಒದ್ದೆ ಬೆಡ್‌ಶೀಟ್ ಒಣಹಾಕಬಹುದಾದಷ್ಟು ಗಟ್ಟಿ ಮೀಸೆ.

ಒಬ್ಬಟ್ಟು ತಿಂದು ಎಲ್ಲರೂ ಟೀವಿ ಮುಂದೆ ಬಿದ್ದಿದ್ದೆವು. ಯುರೋಪಿನ ಯಾವುದೋ ರಾಣಿಯ ಮೆರವಣಿಗೆ ಬರುತ್ತಿತ್ತು. ನೀವು ಕೇಳಿದಿರಿ: "ಆ ಯಮ್ಮ ರಾಣಿ ಆದ್ರೆ, ಗಂಡ ರಾಜ ಅಲ್ವೇನೋ?"

ಉತ್ತರ ನನಗೆ ಗೊತ್ತಿತ್ತು. ರಾಜನ ಹೆಂಡತಿ ರಾಣಿಯಾಗುತ್ತಾಳೆ. ರಾಣಿಯ ಗಂಡ ಸಾಮಾನ್ಯವಾಗಿ ರಾಜನಾಗುವುದಿಲ್ಲ. ಪ್ರಿನ್ಸ್ ಕಾನ್ಸಾರ್ಟ್ ಅನ್ನುವ ಬಿರುದು ಸಿಕ್ಕರೆ ಸಿಕ್ಕಿತು, ಆಳುವ ಅಧಿಕಾರವಿಲ್ಲ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಪಕ್ಕದಲ್ಲಿ ನಿಮ್ಮ ಮಗ ಚೇತನ್, ನಗುವುದಕ್ಕೇ ರೆಡಿಯಾಗಿ —

"ಅವ್ರು ಪ್ರಿನ್ಸ್ ಕಾನ್ಸಾರ್ಟ್, ದೊಡ್ಡಪ್ಪ. ರಾಜನಿಗಿಂತ ಒಂದು ಕೈ ಮೇಲೆ. ಅರಮನೆ ಕಟ್ಟಿದ್ರೆ ಮೊದ್ಲು ಅವ್ರ ಹೆಸ್ರೇ ಕೆತ್ತೋದು. ಒಂಥರಾ ನೀವೇ ಅನ್ಕೊಳಿ."

"ಹಂಗಾದ್ರೆ ನಾನು ಯುವರಾಜ ಕಣೋ ಮಗಾ," ಅಂದ ಚೇತನ್.

ನೀವೂ ನಕ್ಕಿರಿ. ಆದರೆ ನಂಬಿದಿರಿ — ಅದು ನನಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗಿಯೂ...

ಆಮೇಲೆ ತಾತನ ಹೊಸ ಬಿಲ್ಡಿಂಗಿನ ಗೃಹಪ್ರವೇಶ ಹತ್ತಿರ ಬಂತು, ನಾನೂ ಮತ್ತೆ ಬಂದಿದ್ದೆ. ಕಲ್ಲಿನಲ್ಲಿ ಏನು ಕೆತ್ತಬೇಕೆಂದು ಕೇಳಲು ಗ್ರಾನೈಟ್ ಅಂಗಡಿಯವನು ಹಾಲ್‌ನಲ್ಲಿ ಕೂತಿದ್ದ. ಪಾಯದಿಂದ ತಾರಸಿವರೆಗೆ ಬಿಸಿಲಲ್ಲಿ ನಿಂತು ಕಟ್ಟಿಸಿದವರು ನೀವು. ಆ ಮನೆಯಲ್ಲಿ ನೀವು ನಿಮಗೋಸ್ಕರ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿದ್ದು ಅವತ್ತೇ ಮೊದಲು.

"ಮಾವ, ನನ್ ಹೆಸ್ರೂ ಒಂದ್ ಕಡೆ ಹಾಕ್ಸಿ. ಆ ದೇಶಗಳಲ್ಲೇ ರಾಣಿ ಗಂಡನ ಹೆಸ್ರು ಮೊದ್ಲು ಕೆತ್ತಾರಂತೆ."

ತಾತ ನನ್ನ ಕಡೆ ತಿರುಗಿದರು. "ಔದೇನ್ಲಾ? ನೀನೇ ಓದಿರೋನು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ.

"ಇಲ್ಲ ತಾತ. ಅವ್ರು ರಾಣಿ ಹಿಂದ್ಹಿಂದೆ ನಡೀಬೇಕು, ಅಷ್ಟೇ ಡ್ಯೂಟಿ. ಸಿಂಹಾಸನ ಮಕ್ಕಳಿಗೆ ಹೋಗತ್ತೆ. ಇವ್ರು ಬರೀ ಫೋಟೋಗೆ."

ಗ್ರಾನೈಟ್‌ನವನೂ ನಕ್ಕ. ತಾತ ತೊಡೆ ತಟ್ಟಿಕೊಂಡು, "ಇಂಗಂತ ಯಾರಪ್ಪ ಅಂದ್ರು ನಿಂಗೆ?" ಎಂದು ನಿಮ್ಮನ್ನು ಕೇಳಿದರು.

ನೀವು ಒಂದು ಸಲ ನನ್ನನ್ನು ನೋಡಿದಿರಿ. ನನ್ನ ಹೆಸರು ಹೇಳಬಹುದಿತ್ತು.

"ಟೀವೀಲಿ ಯಾರೋ ಅಂದಂಗಿತ್ತು ಮಾವ," ಅಂದಿರಿ. ಗ್ರಾನೈಟ್‌ನವನಿಗೆ ಕಾಫಿ ತರುತ್ತೇನೆಂದು ಒಳಗೆ ಹೋದಿರಿ.

ಕಲ್ಲಿನಲ್ಲಿ ತಾತ, ದೊಡ್ಡಮ್ಮ, ಚೇತನ್ — ಎಲ್ಲರ ಹೆಸರೂ ಬಂತು.

ಮೊನ್ನೆ ಆರ್.ಟಿ. ನಗರದ ಮದುವೆಯಲ್ಲಿ ನೀವು ದೊಡ್ಡಮ್ಮನ ಬ್ಯಾಗ್ ಹಿಡಿದು ಹಿಂದೆ ಬರುತ್ತಿದ್ದಿರಿ. "ನೋಡು ಮಗಾ, ನಮ್ ಪ್ರಿನ್ಸ್ ಬಂದ್ರು," ಅಂತ ಚೇತನ್ ನನ್ನನ್ನು ತಿವಿದ. ನಿಮ್ಮ ಮಗನ ಬಾಯಿಗೆ ಆ ಮಾತು ಹಾಕಿದವನು ನಾನು. ನಾನೂ ನಕ್ಕೆ — ಅದನ್ನೂ ಹೇಳಿಬಿಡುತ್ತೇನೆ.

ಈ ಭಾನುವಾರ ಬರುತ್ತೇನೆ. ಎಲ್ಲರ ಎದುರಿಗೇ ತಾತನಿಗೆ ಹೇಳುತ್ತೇನೆ, ಅದು ಟೀವಿಯಲ್ಲ, ನಾನು ಅಂತ. ಆಮೇಲೆ ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಕಲ್ಲಿನ ಕೆಳಗಡೆ ಇನ್ನೊಂದು ಸಾಲಿಗೆ ಜಾಗವಿದೆ — ಹೋಗಿ ನೋಡಿ ಬಂದೆ.