ತಡವಾಗಿ ಜಿಗಿದ ಹುಡುಗಿ

ತಮಿಳು ಸರ್ಕಾರ ಗಡಿಯಲ್ಲಿರುವ ನಮ್ಮ ಕನ್ನಡದ ಊರುಗಳಲ್ಲೂ ಮನೆಮನೆಗೆ ‘ಇಲವಸ’ ಎಂದು ಪುಕ್ಕಟೆ ಟಿವಿ ಹಂಚಿದ ಕಾಲದಲ್ಲಿ ನಾನೂ ತಿಗನಾರೆಯ ಸಾಲಿನಲ್ಲಿ ನಿಂತು ಒಂದನ್ನು ಹೊತ್ತು ತಂದೆ. ತಂದವನೇ ಅದನ್ನು ಹೀಯಾಳಿಸಲು ಶುರುಮಾಡಿದೆ. ಸ್ವಂತ ಹೊಲವಿರುವವನ ಮನೆಯಲ್ಲಿ ಅಷ್ಟು ಸಣ್ಣ ಡಬ್ಬ ಕೂತಿರುವುದು ಮರ್ಯಾದೆಗೆ ಕಡಿಮೆ ಎಂದು ನನ್ನ ಎಣಿಕೆ. ಹಾಗಾದರೆ ಸಾಲಿನಲ್ಲಿ ಯಾಕೆ ನಿಂತೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರನ್ನೂ ಹೀಯಾಳಿಸುತ್ತಿದ್ದೆ. ಆಗ ನನಗೆ ಚೆನ್ನಾಗಿ ಬರುತ್ತಿದ್ದ ಕಸುಬು ಅದೊಂದೇ.

ಆ ವರ್ಷವೇ ನಮ್ಮ ಕೆಂದ ಹಸು ಹಾಲು ಕರೆಯುವಾಗ ನನ್ನ ಹೆಂಡತಿಯ ಮೊಣಕಾಲಿಗೆ ಒದ್ದು, ಅವಳು ಕಟ್ಟು ಹಾಕಿಸಿಕೊಂಡು ಮಲಗಬೇಕಾಯಿತು. ಚಾಮರಾಜನಗರದಲ್ಲಿ ಟಿವಿ ರಿಪೇರಿ ಮಾಡುವ ಅವಳ ತಮ್ಮ ನೋಡಲು ಬಂದವನು ಕಿತ್ತಳೆ ಹಣ್ಣಿನ ಜೊತೆ ಒಂದು ಹಳೆಯ ಗೇಮ್ ಪೆಟ್ಟಿಗೆಯನ್ನೂ ತಂದು, ಆ ಸಣ್ಣ ಟಿವಿಗೆ ವೈರು ಸಿಕ್ಕಿಸಿ, ಅಕ್ಕನ ಕೈಗೆ ಗುಂಡಿಗಳಿರುವ ಹಿಡಿಯನ್ನು ಕೊಟ್ಟು ಹೋದ. ಪಾಳುಬಿದ್ದ ಕೋಟೆಯೊಳಗೆ ಕಳೆದುಹೋದ ಅಣ್ಣನನ್ನು ಹುಡುಕುತ್ತಾ ಹೋಗುವ ಒಬ್ಬ ಹುಡುಗಿಯ ಆಟ ಅದು. ಗೋಡೆ ಹತ್ತಬೇಕು, ಹಗ್ಗಕ್ಕೆ ಜೋತುಬೀಳಬೇಕು, ಮುರಿದ ಮೆಟ್ಟಿಲು ಹಾರಬೇಕು.

ಕಾಲು ವಾಸಿಯಾಯಿತು. ಕೊಟ್ಟಿಗೆಯ ಕೆಲಸ, ಹೊಲದ ಕೆಲಸ ಎಲ್ಲ ಮೊದಲಿನಂತೆ ಅವಳ ಕೈಗೇ ಬಂತು. ಆಟ ಮಾತ್ರ ಬಿಡಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಒಂದು ಗಂಟೆ ಅದರ ಮುಂದೆ ಕೂರುವಳು. ಊಟಕ್ಕೆ ಬಡಿಸುತ್ತಾ, ಇವತ್ತು ಹುಡುಗಿಗೆ ಬೀಗದ ಕೈ ಸಿಕ್ಕಿತು, ಇವತ್ತು ಬಾವಿಯಿಂದ ಮೇಲೆ ಬಂದಳು ಎಂದು ವರದಿ ಒಪ್ಪಿಸುವಳು. ಆ ಹುಡುಗಿಗೆ ಬಿಡುವಿದ್ದರೆ ನಮ್ಮ ಕೋಸಿನ ಹೊಲದ ಕಳೆ ಕೀಳಲು ಕಳಿಸು ಎಂದು ನಾನು ಅನ್ನುತ್ತಿದ್ದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕೊನೆಗೆ ಒಂದು ಹಲಗೆ ಸೇತುವೆ ಉಳಿಯಿತು. ಅದರಾಚೆ ಅಣ್ಣ. ಕಾಲಡಿಯ ಹಲಗೆ ನಡುಗಿದ ಕೂಡಲೇ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಹುಡುಗಿ ಪಾತಾಳಕ್ಕೆ. ಅರ್ಧ ಸೇತುವೆ ದಾಟಿದ ದಿನ ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಕೆಂದಸ ಕಾಲೆತ್ತಕ್ಕೆ ಮುಂಚೆ ಚೊಂಬ ಎಳ್ಕೊತೀವಲ್ಲ, ಅಂಗೇ ಕಣಿ ಇದು."

ಅಷ್ಟರಲ್ಲಿ ಅರಿಶಿನ ಚೆನ್ನಾಗಿ ಬಂತು. ನಾನು ಅರ್ಧ ಗೋಡೆ ತುಂಬುವ ಚಪ್ಪಟೆ ಟಿವಿಯೊಂದನ್ನು ತಂದು ನೇತುಹಾಕಿದೆ. ಸಣ್ಣದನ್ನು ಹೊಲದ ಪಂಪಿನ ಮನೆಗೆ ಸಾಗಿಸಿ, ಕಾಡುಹಂದಿ ಹತ್ತಿರ ಬಾರದಿರಲೆಂದು ರಾತ್ರಿಯೆಲ್ಲ ಜೋರಾಗಿ ಹಾಕಿಡುತ್ತಿದ್ದೆ. ಅದರ ಯೋಗ್ಯತೆಗೆ ಹಂದಿಗಳೇ ಸರಿ ಎಂದು ಬೀದಿಯವರನ್ನೆಲ್ಲ ನಗಿಸಿದೆ.

ಹೊಸ ಟಿವಿ ನೋಡಲು ನೆಂಟರು ಬಂದ ದಿನ ಅವಳು ಆಸೆಯಿಂದ ಗೇಮ್ ಪೆಟ್ಟಿಗೆಯನ್ನು ಅದಕ್ಕೇ ಸಿಕ್ಕಿಸಿದಳು. ತೆಳ್ಳಗಿದ್ದ ಹುಡುಗಿ ಅಡ್ಡಡ್ಡ ಹಿಗ್ಗಿ ದಪ್ಪಗಾಗಿದ್ದಳು. ಕೋಟೆಯ ಕಲ್ಲುಗಳು ನೀರು ಬಿದ್ದ ಸುಣ್ಣದಂತೆ ಕಲಸಿಹೋಗಿದ್ದವು. ಸೇತುವೆಯ ಮೊದಲ ಹಲಗೆಯಲ್ಲೇ ಹುಡುಗಿ ಬಿದ್ದಳು. ಮತ್ತೆ ಬಿದ್ದಳು. ಎಷ್ಟು ಸಲ ಆಡಿದರೂ ಹಲಗೆ ಮೊದಲು ಬೀಳುವುದು, ಹುಡುಗಿ ಆಮೇಲೆ ಜಿಗಿಯುವುದು.

"ಟಿವಿ ದೊಡ್ದಾದ್ರ ಸಾಕಾ? ಕೈಗ ವಯಸ್ಸಾಯ್ತು ಕಣೆ," ಎಂದೆ. ನೆಂಟರು ಹೊಟ್ಟೆ ಹಿಡಿದು ನಕ್ಕರು.

ಒಂದು ವಾರ ಒಬ್ಬಳೇ ಆಡಿ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಒಂದು ಸಂಜೆ ಹಾಲಿನ ಚೊಂಬನ್ನು ನನ್ನ ಮುಂದೆ ಹಿಡಿದಳು.

"ಕೆಂದಸ ನೀವೇ ಕರ್ಕಳಿ. ನನ್ ಕೈ ಈಗ ತಡ ಮಾಡ್ತದ."

ಮುದ್ದೆ ತಿರುವುವಾಗಲೂ ನಡುವೆ ನಿಲ್ಲಿಸಿ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದಳು.

ರಾಗಿ ಬಿತ್ತುವ ಹೊತ್ತಿಗೆ ಚಾಮರಾಜನಗರಕ್ಕೆ ಹೋದವನು ಭಾವಮೈದನ ಅಂಗಡಿಯಲ್ಲಿ ಕೂತು ಇದನ್ನೇ ತಮಾಷೆಯಾಗಿ ಹೇಳಿದೆ. ಅವನು ನಗಲಿಲ್ಲ.

"ಅಕ್ಕನ್ ಕೈದಲ್ಲ ಬಾವ, ಟಿವಿದು ತಪ್ಪು. ಅಳೇ ಪೆಟ್ಗೆ ಚಿತ್ರನ ಈ ದೊಡ್ಡವು ಒಂದ್ಸಲ ಅಗ್ದು ಆಮೇಲೆ ತಡ್ವಾಗಿ ತೋರುಸ್ತವ. ಅಕ್ಕ ಗುಂಡಿ ಒತ್ತದು ಸರಿಯಾದ ಟೈಮ್‌ಗೇ. ಸಣ್ಣ ಟಿವಿನೇ ಇಕ್ಕೊಡಿ."

ನಾನೇ ಹೇಳುತ್ತೇನೆ, ನೀನು ಫೋನು ಮಾಡಬೇಡ ಎಂದು ಬಸ್ಸು ಹತ್ತಿದೆ. ಊರು ಬರುವಷ್ಟರಲ್ಲಿ ಹೇಳಬಾರದೆಂದು ತೀರ್ಮಾನವಾಗಿತ್ತು. ಹೇಳಿದರೆ ನನ್ನ ಟಿವಿ ದಂಡದ್ದು, ನನ್ನ ನಗೆ ಸುಳ್ಳು, ಹಂದಿಗಳ ಪಾಲಾದ ಡಬ್ಬವೇ ಮೇಲು ಎಂದು ಒಪ್ಪಬೇಕಲ್ಲ. ಬಿತ್ತನೆಯಿಂದ ಒಕ್ಕಣೆಯವರೆಗೆ ದಿನಕ್ಕೆರಡು ಸಲ ಅವಳು ಚೊಂಬು ಕೊಟ್ಟಳು, ನಾನು ತೆಗೆದುಕೊಂಡೆ. ಕಳ್ಳನಿಗಾದರೂ ಕದ್ದದ್ದರಿಂದ ಏನಾದರೂ ಲಾಭವಿರುತ್ತದೆ. ನಾನು ಹೆಂಡತಿಯ ಕೈಯ ಧೈರ್ಯ ಕದ್ದು ಪಡೆದದ್ದು ಒಂದು ಒದೆಯುವ ಹಸುವನ್ನು. ಅದೂ ನನಗೆ ಸರಿಯಾಗಿ ಹಾಲು ಬಿಡುತ್ತಿರಲಿಲ್ಲ.

ಒಕ್ಕಣೆಯ ದಿನ ಬುತ್ತಿ ತಂದವಳು ನೀರಿಗೆಂದು ಪಂಪಿನ ಮನೆಯೊಳಗೆ ಹೋಗಿ ಸಣ್ಣ ಟಿವಿಯನ್ನು ನೋಡಿದಳು. ಮಾರನೆಯ ದಿನ ಬುತ್ತಿಯ ಜೊತೆ ಹಳೆಯ ಸೀರೆಯ ಗಂಟೂ ಬಂತು. ಕಣದಿಂದ ಕೈಕಾಲು ತೊಳೆಯಲು ಹೋದ ನಾನು ಬಾಗಿಲಲ್ಲೇ ನಿಂತೆ. ಅವಳು ಗೊಬ್ಬರದ ಚೀಲದ ಮೇಲೆ ಕೂತಿದ್ದಳು. ಹಲಗೆ ನಡುಗಿತು, ಹುಡುಗಿ ಜಿಗಿದಳು. ಮುಂದಿನದು ನಡುಗಿತು, ಜಿಗಿದಳು. ಬಾಳೆಯೆಲೆಯ ಮೇಲೆ ನೀರು ಜಾರಿದಂತೆ ಸೇತುವೆ ಮುಗಿಯಿತು. ಆಚೆ ಅಣ್ಣ ಕೂತಿದ್ದ.

ಅವಳು ಹಿಡಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಗಳನ್ನು ತಿರುಗಿಸಿ ನೋಡಿದಳು.

"ಕೈ ಸರಿಯಾಗೇ ಅದ," ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ನಿಮ್ಗ ಗೊತ್ತಿತ್ತಾ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆ ಕೈಗಳನ್ನು ನೋಡುತ್ತಾ ಅದನ್ನು ಹೇಳಲಾಗಲಿಲ್ಲ.

"ಗೊತ್ತಿತ್ತು."

"ಯಾವಾಗ್ನಿಂದ?"

"ರಾಗಿ ಬಿತ್ದಾಗ್ನಿಂದ."

ಅವಳು ವೈರು ಬಿಚ್ಚಿ ಗಂಟು ಕಟ್ಟಿದಳು. ಅಂದು ಸಂಜೆ ನನ್ನ ಕೈಯಿಂದ ಚೊಂಬನ್ನು ಕಿತ್ತುಕೊಂಡಳು. ಕೆಂದ ಹಸು ಕಾಲೆತ್ತಿತು. ಚೊಂಬು ಅಷ್ಟರಲ್ಲೇ ಅಲ್ಲಿಂದ ಸರಿದಿತ್ತು.

ಮರುದಿನ ನಾನು ಸಣ್ಣ ಟಿವಿಯನ್ನು ತಲೆಯ ಮೇಲೆ ಹೊತ್ತು ಊರ ಬೀದಿಯಲ್ಲೇ ಬಂದೆ. ಜಗಲಿಯ ಮೇಲಿದ್ದ ಪಕ್ಕದ ಮನೆಯವನು, "ಏನಣ್ಣ, ಇನ್ನೊಂದು ಇಲವಸ ಟಿವಿ ಕೊಟ್ರಾ?" ಎಂದ. ಅವನಿಗೆ ಪುಕ್ಕಟೆ ಪದಾರ್ಥವನ್ನು ಹೀಯಾಳಿಸಲು ಕಲಿಸಿದವನೇ ನಾನು. ತಲೆ ತಗ್ಗಿಸುವಂತೆಯೂ ಇರಲಿಲ್ಲ, ಮೇಲೆ ಟಿವಿ ಇತ್ತು. ಮನೆಗೆ ಬಂದು ದೊಡ್ಡ ಟಿವಿಯ ಕೆಳಗೇ ಅದನ್ನಿಟ್ಟು, ಬಣ್ಣ ನೋಡಿ ನೋಡಿ ವೈರುಗಳನ್ನು ನಾನೇ ಸಿಕ್ಕಿಸಿದೆ.

ಅವಳು ಅಡುಗೆಮನೆಯಿಂದ ಬಂದು ಒಂದು ಗಳಿಗೆ ನೋಡಿದಳು.

"ಆಟ ಮುಗೀತಲ್ಲ. ತಗೊಂಡೋಗಿ ಅಲ್ಲೇ ಇಕ್ಕಿ. ಅಂದಿಗಳು ಕಾಯ್ತಾ ಇದ್ದಾವು."

ನಾನು ಮತ್ತೆ ತಲೆಗೆ ಸಿಂಬಿ ಸುತ್ತಿಕೊಂಡೆ. ಪಕ್ಕದ ಮನೆಯವನು ಇನ್ನೂ ಜಗಲಿಯ ಮೇಲೇ ಕೂತಿದ್ದ.